ಕಿಂಡಿ ಎಷ್ಟು ಚಿಕ್ಕದೆಂದು ಕೇಳುವವರಿಗೆ



ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ದೂರದ ಸಂಬಂಧಿಕರೊಬ್ಬರು ನನ್ನನ್ನು ಸಭಾಂಗಣದ ಮೂಲೆಗೆ ಕರೆದೊಯ್ದು, ಅಂಗಿಯನ್ನೆತ್ತಿ ಹೊಟ್ಟೆಯ ಎಡಮಗ್ಗುಲನ್ನು ತೋರಿಸಿದರು. "ನೋಡಿ ಮಾಸ್ಟ್ರೇ, ಬರೀ ಮೂರು ಕಿಂಡಿ. ಕಿಡ್ನಿಯ ಮೇಲಿನ ಗಡ್ಡೆ ತೆಗ್ದದ್ದು ಅಂತ ಹೇಳಿದ್ರೆ ಯಾರೂ ನಂಬುದಿಲ್ಲ. ಮೂರನೇ ದಿನ ಮನೆಗೆ ಬಂದಿದ್ದೇನೆ" ಎಂದರು. ಸುತ್ತ ನೆರೆದ ನಾಲ್ಕೈದು ಮಂದಿ ಆ ಕಲೆಗಳನ್ನು ದೇವರ ಪ್ರಸಾದವನ್ನು ನೋಡುವಂತೆ ನೋಡಿದರು. ಒಬ್ಬರು ಆಸ್ಪತ್ರೆಯ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಂಡರು.

ನಾನು ಕೇಳಿದೆ: "ಗಡ್ಡೆ ಯಾವ ಬಗೆಯದ್ದಾಗಿತ್ತು? ಅದು ಹಾರ್ಮೋನು ಸುರಿಸುತ್ತಿತ್ತೇ? ತೆಗೆಯುವ ಮೊದಲು ಮೂತ್ರ, ರಕ್ತಗಳ ಪರೀಕ್ಷೆ ಮಾಡಿದ್ದರೇ?" ಅವರು ನಕ್ಕರು. "ಅದೆಲ್ಲ ಡಾಕ್ಟ್ರು ನೋಡಿಕೊಳ್ತಾರಲ್ಲ ಮಾಸ್ಟ್ರೇ, ನಮಗೆಂಥದಕ್ಕೆ?"

ಈ ಬರಹ ಆ "ನಮಗೆಂಥದಕ್ಕೆ" ಎಂಬ ಮಾತಿಗೆ ನನ್ನ ಉತ್ತರ. ಅವರು ಗುಣಮುಖರಾದುದು ನನಗೆ ಸಂತೋಷವೇ. ಅವರ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ. ಆದರೆ ಶಸ್ತ್ರಚಿಕಿತ್ಸೆಯನ್ನು ಗಾಯದ ಉದ್ದದಿಂದ ಅಳೆಯುವ ಒಂದು ಹೊಸ ಮೌಢ್ಯ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿಯೇ ಬೆಳೆಯುತ್ತಿದೆ. ಅಡ್ರಿನಲ್ ಗ್ರಂಥಿಯ ಗಡ್ಡೆಯ ವಿಷಯದಲ್ಲಿ ಈ ಮೌಢ್ಯ ಪ್ರಾಣಾಂತಿಕವಾಗಬಲ್ಲದು. ಹೀಗೆ ಹೇಳುವ ಅಧಿಕಾರ ನನಗೆ ಬಂದುದು ಪುಸ್ತಕದಿಂದಲ್ಲ, ನನ್ನದೇ ಅಪರಾಧದಿಂದ.

ನನ್ನಲ್ಲಿ ವಿಜ್ಞಾನ ಕಲಿತವರಿಗೆ "ನಿರ್ನಾಳ ಗ್ರಂಥಿಗಳು" ಎಂಬ ಪಾಠ ನೆನಪಿದ್ದೀತು. ಕರಿಹಲಗೆಯ ಮೇಲೆ ಎರಡು ಮೂತ್ರಪಿಂಡಗಳನ್ನು ಬರೆದು, ಅವುಗಳ ನೆತ್ತಿಯ ಮೇಲೆ ಹಳದಿ ಸೀಮೆಸುಣ್ಣದಿಂದ ಎರಡು ಟೋಪಿಗಳನ್ನು ಇಡುತ್ತಿದ್ದೆ. ಒಂದೊಂದೂ ನಾಲ್ಕೈದು ಗ್ರಾಮಿನಷ್ಟು ತೂಗುವ ಗ್ರಂಥಿ. "ತುರ್ತು ಪರಿಸ್ಥಿತಿಯ ಹಾರ್ಮೋನು ಯಾವುದು?" ಎಂದು ಕೇಳಿದರೆ ಇಡೀ ತರಗತಿ "ಅಡ್ರಿನಲಿನ್" ಎಂದು ಕೂಗುತ್ತಿತ್ತು. ಎದೆ ಬಡಿತ ಹೆಚ್ಚುತ್ತದೆ, ಬೆವರುತ್ತದೆ, ರಕ್ತದೊತ್ತಡ ಏರುತ್ತದೆ, ಮುಖ ಬಿಳಚುತ್ತದೆ. ಒಂದು ಅಂಕದ ಪ್ರಶ್ನೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನದನ್ನು ಕಲಿಸಿದೆ.

ಅದೇ ವರ್ಷಗಳಲ್ಲಿ ನನ್ನ ಭಾವ, ಬೆಳ್ತಂಗಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದವರು, ತಿಂಗಳಿಗೆ ಎರಡು ಮೂರು ಬಾರಿ ಇದ್ದಕ್ಕಿದ್ದಂತೆ ತಲೆನೋವೆಂದು ಕುಳಿತುಬಿಡುತ್ತಿದ್ದರು. ಚಳಿಗಾಲದ ಬೆಳಗಿನಲ್ಲಿಯೂ ಬನಿಯನ್ನು ತೊಯ್ಯುವಷ್ಟು ಬೆವರು. ಎದೆ ಚೆಂಡೆಯಂತೆ ಬಡಿಯುತ್ತದೆ ಎನ್ನುತ್ತಿದ್ದರು. ಕಾಲು ಗಂಟೆ ಕಳೆದರೆ ಎಲ್ಲವೂ ಶಾಂತ. ಕೆಲವರು ಪಿತ್ತವೆಂದರು, ಕೆಲವರು ಗಾಳಿ ಸೋಕಿದೆ ಎಂದರು. ನಾನು ಆ ಊರಿನ ಏಕೈಕ ವಿಜ್ಞಾನ ಪದವೀಧರ ನೆಂಟ. "ಭಾವ, ಚಿಂತೆ ಕಡಿಮೆ ಮಾಡಿ" ಎಂದೆ. 1994ರಲ್ಲಿ ಹರ್ನಿಯಾ ಶಸ್ತ್ರಕ್ರಿಯೆಗೆಂದು ಅವರನ್ನು ಒಂದು ಆಸ್ಪತ್ರೆಗೆ ಸೇರಿಸಿದೆವು. ಮೇಜಿನ ಮೇಲೆ ರಕ್ತದೊತ್ತಡ ಹಿಡಿತ ತಪ್ಪಿ ಏರಿತಂತೆ, ಆಮೇಲೆ ಕುಸಿಯಿತಂತೆ. ಮರುದಿನ ಬೆಳಗಿನ ಜಾವ ತೀರಿಕೊಂಡರು. ಕಾಗದದಲ್ಲಿ ಹೃದಯಾಘಾತವೆಂದು ಬರೆಯಲಾಗಿತ್ತು. ನಾವು ಯಾರನ್ನೂ ದೂರಲಿಲ್ಲ, ಏನನ್ನೂ ಕೇಳಲಿಲ್ಲ. ಅಕ್ಕನಿಗೆ ಆಗ ನಲವತ್ತು ವರ್ಷ.

ಕಾಲು ಶತಮಾನದ ಬಳಿಕ, 2019ರಲ್ಲಿ, ಅದೇ ಅಕ್ಕನ ಮಗನಿಗೆ ಮೂತ್ರದ ಕಲ್ಲಿನ ಅನುಮಾನದಿಂದ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಬಲ ಅಡ್ರಿನಲ್ ಗ್ರಂಥಿಯಲ್ಲಿ ಐದು ಸೆಂಟಿಮೀಟರಿನ ಗಡ್ಡೆ ಕಂಡಿತು. ಒಂದು ಆಸ್ಪತ್ರೆಯವರು "ಕೀ ಹೋಲ್‌ನಲ್ಲಿ ತೆಗೆಯೋಣ, ನಾಡಿದ್ದೇ ಮಾಡಬಹುದು, ಪ್ಯಾಕೇಜ್ ಇದೆ" ಎಂದರು. ಅಳಿಯ ಫೋನಿನಲ್ಲಿ "ಮಾವ, ಸಣ್ಣ ಆಪರೇಷನ್ ಅಂತೆ" ಎಂದಾಗ ನನಗೂ ಸಮಾಧಾನವೇ ಆಯಿತು. ಸುಮ್ಮನೆ ವಿಚಾರಿಸೋಣವೆಂದು ದೂರದ ಊರಿನಲ್ಲಿ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಕರೆ ಮಾಡಿದೆ. ಆತ ಕಿಂಡಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. "ಸಾರ್, ಮೆಟಾನೆಫ್ರಿನ್ ಪರೀಕ್ಷೆ ಆಗಿದೆಯಾ? ಆಗದೆ ಯಾರೂ ಕತ್ತಿ ಮುಟ್ಟಬಾರದು, ಸೂಜಿ ಕೂಡ ಚುಚ್ಚಬಾರದು. ಇವರಿಗೆ ತಲೆನೋವು, ಬೆವರು, ಎದೆ ಬಡಿತ ಒಟ್ಟಿಗೆ ಬರ್ತದಾ?" ಎಂದು ಕೇಳಿದ.

ಬರುತ್ತಿತ್ತು. ಆ ಮೂರನ್ನೂ ನಾನು ಅವನ ತರಗತಿಗೆ ಕರಿಹಲಗೆಯ ಮೇಲೆ ಬರೆದುಕೊಟ್ಟಿದ್ದೆ. ಅವನು ಕಲಿತಿದ್ದ, ನಾನು ಕಲಿಸಿದ್ದೆನೇ ಹೊರತು ಕಲಿತಿರಲಿಲ್ಲ.

ಪರೀಕ್ಷೆಯಲ್ಲಿ ಅಂಕಿಗಳು ಮಿತಿಗಿಂತ ಹಲವು ಪಟ್ಟು ಮೇಲಿದ್ದವು. ಅಡ್ರಿನಲಿನ್ ಬಳಗದ ಹಾರ್ಮೋನುಗಳನ್ನು ಸುರಿಸುವ ಈ ಗಡ್ಡೆಗೆ ಫಿಯೋಕ್ರೊಮೊಸೈಟೋಮ ಎಂದು ಹೆಸರು. ಇಂತಹ ಗಡ್ಡೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ವಂಶವಾಹಿಯ ದೋಷದಿಂದ ಬರುವಂಥವು. ಭಾವನ ಮರಣಕ್ಕೂ ಇದೇ ಕಾರಣವೆಂದು ಇಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಅಕ್ಕ ನನ್ನನ್ನು ಕೇಳಿದಳು: "ತಮ್ಮಾ, ಆಗ ಈ ಪರೀಕ್ಷೆ ಇರಲಿಲ್ಲವಾ?" ಇಷ್ಟು ನಿಖರವಾದುದು ಇರಲಿಲ್ಲ. ಆದರೆ ಮೂತ್ರದಿಂದ ಈ ರೋಗವನ್ನು ಶಂಕಿಸುವ ಪರೀಕ್ಷೆ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಅಂದೂ ಇತ್ತು. ಹೇಳಲೇಬೇಕಾಯಿತು.

ಈಗ ವಿಷಯಕ್ಕೆ ಬರೋಣ. ಅಡ್ರಿನಲ್ ಗ್ರಂಥಿಗೆ ಎರಡು ಭಾಗ: ಹೊರಗಿನ ತೊಗಟೆ, ಒಳಗಿನ ತಿರುಳು. ತಿರುಳಿನ ಗಡ್ಡೆ ಅಡ್ರಿನಲಿನ್ನನ್ನೂ ಅದರ ಬಳಗವನ್ನೂ ಸುರಿಸೀತು. ತೊಗಟೆಯ ಗಡ್ಡೆ ಕಾರ್ಟಿಸಾಲ್ ಸುರಿಸಿದರೆ ಮುಖ ಊದಿಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಎಲುಬು ಸವೆಯುತ್ತದೆ. ಆಲ್ಡೊಸ್ಟಿರೋನ್ ಸುರಿಸಿದರೆ ಯಾವ ಮಾತ್ರೆಗೂ ಬಗ್ಗದ ರಕ್ತದೊತ್ತಡ. ಇನ್ನು ಕೆಲವು ಏನನ್ನೂ ಸುರಿಸದೆ ಸುಮ್ಮನೆ ಕುಳಿತಿರುತ್ತವೆ. ಅಪರೂಪಕ್ಕೆ ಕೆಲವು ಕ್ಯಾನ್ಸರ್. ಸ್ಕ್ಯಾನಿನಲ್ಲಿ ಎಲ್ಲವೂ "ಗಡ್ಡೆ"ಯೇ. ಆದರೆ ಒಂದೊಂದಕ್ಕೂ ಬೇಕಾದ ಸಿದ್ಧತೆ ಬೇರೆ, ದಾರಿ ಬೇರೆ.

ನೇತ್ರಾವತಿಯ ದಡದವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ಹಿರಿಯರು 1923ರ ನೆರೆಯನ್ನು ಕಂಡವರು. 1974ರ ನೆರೆ ನನ್ನ ಪೀಳಿಗೆಯವರ ಕಣ್ಣಲ್ಲಿಯೇ ಇದೆ. ತುಂಬೆಯ ಅಣೆಕಟ್ಟಿನ ಬಾಗಿಲು ಎತ್ತುವವರು ಮೊದಲು ಕೆಳದಂಡೆಯವರನ್ನು ಎಚ್ಚರಿಸಬೇಕಷ್ಟೆ? ಫಿಯೋಕ್ರೊಮೊಸೈಟೋಮವನ್ನು ಮುಟ್ಟಿದ ಕೂಡಲೇ, ಕೆಲವೊಮ್ಮೆ ಅರಿವಳಿಕೆ ಕೊಡುವಾಗಲೇ, ಅದರಲ್ಲಿರುವ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಆದುದರಿಂದ ಎರಡು ವಾರಗಳಷ್ಟು ಮೊದಲೇ ಆಲ್ಫಾ ತಡೆ ಮಾತ್ರೆಗಳನ್ನು ಕೊಟ್ಟು, ಆ ಹಾರ್ಮೋನು ಹೋಗಿ ತಟ್ಟುವ ಬಾಗಿಲುಗಳನ್ನು ರಕ್ತನಾಳಗಳಲ್ಲಿ ಮುಚ್ಚಬೇಕು. ಬಿಗಿದಿದ್ದ ನಾಳಗಳು ಸಡಿಲವಾದಾಗ ಅವುಗಳನ್ನು ತುಂಬಲು ಉಪ್ಪು, ನೀರು ಹೆಚ್ಚಾಗಿ ಕೊಡಬೇಕು. ಎದೆ ಬಡಿತ ತಗ್ಗಿಸುವ ಬೀಟಾ ತಡೆ ಮಾತ್ರೆ ಬೇಕಾದರೆ ಅದು ಆಮೇಲೆ; ಮೊದಲೇ ಕೊಟ್ಟರೆ ಅನಾಹುತ. ನನ್ನ ಅಳಿಯನಿಗೆ ಮೂಗು ಕಟ್ಟಿತು, ಎದ್ದು ನಿಂತರೆ ತಲೆ ತಿರುಗಿತು. ಮದ್ದು ಹಿಡಿದಿದೆ ಎಂಬುದಕ್ಕೆ ಅದೇ ಗುರುತೆಂದು ವೈದ್ಯರು ಹೇಳಿದರು. ರಕ್ತದೊತ್ತಡವೆಂದು ವರ್ಷಗಟ್ಟಲೆ ಉಪ್ಪಿನಕಾಯಿ ಭರಣಿಯನ್ನು ಅಟ್ಟದಲ್ಲಿ ಬಚ್ಚಿಟ್ಟಿದ್ದ ಅಕ್ಕ, ಆ ಎರಡು ವಾರ ವೈದ್ಯರ ಆಜ್ಞೆಯಂತೆ ತಾನೇ ಬಡಿಸಿದಳು.

ಈ ಸಿದ್ಧತೆಯ ಎರಡು ವಾರ ಯಾವ ಪ್ಯಾಕೇಜಿನ ಜಾಹೀರಾತಿನಲ್ಲಿಯೂ ಇರುವುದಿಲ್ಲ. ಅದು ಗಾಯವಾಗಿ ಕಾಣುವುದಿಲ್ಲ, ಮದುವೆ ಮನೆಯಲ್ಲಿ ಅಂಗಿ ಎತ್ತಿ ತೋರಿಸಲು ಬರುವುದಿಲ್ಲ.

ಆದರೆ ಇತಿಹಾಸವನ್ನು ನೋಡಿ. 1926ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಸೀಸರ್ ರೂ, ಅಮೆರಿಕದ ರೋಚೆಸ್ಟರ್‌ನಲ್ಲಿ ಚಾರ್ಲ್ಸ್ ಮೇಯೊ ಇಂತಹ ಗಡ್ಡೆಗಳನ್ನು ಯಶಸ್ವಿಯಾಗಿ ತೆಗೆದರು. ರೋಗಿಗಳು ಬದುಕಿದುದು ಅವರ ಕೈಚಳಕದಿಂದ, ಅದೃಷ್ಟದಿಂದ. ಆಮೇಲಿನ ಎರಡು ಮೂರು ದಶಕಗಳಲ್ಲಿ ಈ ಶಸ್ತ್ರಕ್ರಿಯೆಗೆ ಒಳಗಾದ ನೂರು ಮಂದಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಅನುಭವವುಳ್ಳ ಕೇಂದ್ರಗಳಲ್ಲಿ ಅದು ನೂರಕ್ಕೆ ಮೂರಕ್ಕಿಂತ ಕಡಿಮೆ. ಈ ಇಳಿಕೆ ಬಂದುದು ಕಿಂಡಿಯಿಂದಲ್ಲ. ಆಲ್ಫಾ ತಡೆ ಔಷಧ, ಅರಿವಳಿಕೆ ಶಾಸ್ತ್ರದ ಬೆಳವಣಿಗೆ, ಗಡ್ಡೆಯ ಸ್ಥಾನವನ್ನು ಮೊದಲೇ ತೋರಿಸುವ ಸ್ಕ್ಯಾನ್: ಇವುಗಳಿಂದ ಸಾವು ಇಳಿಯಿತು, ಅದೂ ಉದ್ದದ ಗಾಯಗಳ ಕಾಲದಲ್ಲಿಯೇ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿಶೆಲ್ ಗಾನ್ಯೇ ಲ್ಯಾಪರೋಸ್ಕೋಪಿಯಿಂದ ಅಡ್ರಿನಲ್ ಗ್ರಂಥಿಯನ್ನು ತೆಗೆದು ವರದಿ ಮಾಡಿದುದು 1992ರಲ್ಲಿ. ಅಷ್ಟರೊಳಗೆ ಮುಖ್ಯ ಯುದ್ಧ ಗೆದ್ದಾಗಿತ್ತು.

ಹಾಗೆಂದು ನಾನು ಕಿಂಡಿಯ ವೈರಿಯಲ್ಲ. ಗ್ರಂಥಿ ಇರುವುದು ಬೆನ್ನಿನ ಆಳದಲ್ಲಿ, ಪಕ್ಕೆಲುಬಿನ ಅಡಿಯಲ್ಲಿ. ಎರಡು ಮೂರು ಸೆಂಟಿಮೀಟರಿನ ಗಡ್ಡೆಯೊಂದನ್ನು ತೆಗೆಯಲು ಹಿಂದೆ ಗೇಣುದ್ದಕ್ಕೂ ಮೀರಿ ಹೊಟ್ಟೆ ಕೊಯ್ಯಬೇಕಿತ್ತು, ಕೆಲವೊಮ್ಮೆ ಪಕ್ಕೆಲುಬನ್ನೇ ಕತ್ತರಿಸಬೇಕಿತ್ತು. ಅಡಿಕೆ ಮರ ಹತ್ತಿ ಬದುಕುವವನಿಗೆ ಆ ಗಾಯದ ನೋವು ಎಷ್ಟು ತಿಂಗಳ ಸಂಬಳವೆಂಬುದು ನನಗೆ ಗೊತ್ತು. ಸೌಮ್ಯ ಸ್ವಭಾವದ, ಬಹಳ ದೊಡ್ಡದಲ್ಲದ ಗಡ್ಡೆಗಳಿಗೆ ಇಂದು ಲ್ಯಾಪರೋಸ್ಕೋಪಿಯೇ ಸರಿಯಾದ ದಾರಿ; ನೋವು ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ. ಅದರಲ್ಲಿಯೂ ಎರಡು ಬಗೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಹೊಟ್ಟೆಯ ಮೂಲಕ ಹೋಗುವುದು ಒಂದು. ಬೋರಲಾಗಿ ಮಲಗಿಸಿ ಬೆನ್ನಿನಿಂದಲೇ ಒಳಹೋಗುವುದು ಇನ್ನೊಂದು. ಈ ಎರಡನೆಯದನ್ನು ಜರ್ಮನಿಯ ಎಸ್ಸೆನ್‌ನ ಮಾರ್ಟಿನ್ ವಾಲ್ಟ್ಸ್ ತಂಡ 1990ರ ದಶಕದಿಂದ ಬೆಳೆಸಿ, 520 ರೋಗಿಗಳಲ್ಲಿ ನಡೆಸಿದ 560 ಶಸ್ತ್ರಕ್ರಿಯೆಗಳ ಫಲಿತಾಂಶವನ್ನು 2006ರಲ್ಲಿ ಪ್ರಕಟಿಸಿತು. ಹಿಂದೆ ಹೊಟ್ಟೆಯ ಶಸ್ತ್ರಕ್ರಿಯೆಯಾಗಿ ಒಳಗೆಲ್ಲ ಅಂಟಿಕೊಂಡಿರುವವರಿಗೆ ಬೆನ್ನಿನ ದಾರಿ ಅನುಕೂಲ. ಗಡ್ಡೆ ದೊಡ್ಡದಾದರೆ ಅಲ್ಲಿ ಕೈಯಾಡಿಸಲು ಜಾಗ ಸಾಲದು.

ಬಲಗಡೆಯ ಗ್ರಂಥಿಯಿಂದ ಹೊರಡುವ ಅಭಿಧಮನಿ ಬಹಳ ಗಿಡ್ಡ. ಅದು ನೇರವಾಗಿ ಶರೀರದ ಅತಿ ದೊಡ್ಡ ಅಭಿಧಮನಿಗೇ ಸೇರುತ್ತದೆ. ಅಲ್ಲಿ ಕೈ ತಪ್ಪಿದರೆ ರಕ್ತಸ್ರಾವವನ್ನು ತಡೆಯಲು ಕ್ಷಣಗಳಷ್ಟೇ ಇರುತ್ತವೆ. ಹೊಟ್ಟೆಯನ್ನು ತೆರೆಯಬೇಕಾಗಿಯೂ ಬರಬಹುದು. ಆದುದರಿಂದ ಕಿಂಡಿಯಲ್ಲಿ ಮಾಡಬಲ್ಲವನು ತೆರೆದೂ ಮಾಡಬಲ್ಲವನಾಗಿರಬೇಕು. ಹೊರಗಿನ ಕಿಂಡಿ ಸಣ್ಣದಾದ ಮಾತ್ರಕ್ಕೆ ಒಳಗಿನ ಕೆಲಸ ಸಣ್ಣದಾಗುವುದಿಲ್ಲ.

ಕೆಲವು ಗಡ್ಡೆಗಳಿಗೆ ದೊಡ್ಡ ಗಾಯವೇ ಸರಿಯಾದ ಚಿಕಿತ್ಸೆ. ಸುತ್ತಲಿನ ಅಂಗಗಳಿಗೆ ಹಬ್ಬಿದ ಲಕ್ಷಣವಿದ್ದರೆ, ಕ್ಯಾನ್ಸರಿನ ಶಂಕೆಯುಳ್ಳ ಗಡ್ಡೆ ಆರು ಸೆಂಟಿಮೀಟರನ್ನು ಮೀರಿದ್ದರೆ, ಹೊಟ್ಟೆಯನ್ನು ತೆರೆದು ಗಡ್ಡೆಯ ಕವಚ ಹರಿಯದಂತೆ ಇಡಿಯಾಗಿ ತೆಗೆಯುವುದೇ ಕ್ಷೇಮವೆಂದು ತಜ್ಞರು ಹೇಳುತ್ತಾರೆ. ಕವಚ ಒಡೆದರೆ ಕ್ಯಾನ್ಸರಿನ ಕಣಗಳು ಒಳಗೆಲ್ಲ ಬಿತ್ತಿದಂತೆ ಚೆಲ್ಲಿಹೋಗುತ್ತವೆ. ನನ್ನ ಸಹೋದ್ಯೋಗಿಯಾಗಿದ್ದವರೊಬ್ಬರ ಪತ್ನಿಗೆ ಹನ್ನೊಂದು ಸೆಂಟಿಮೀಟರಿನ ಗಡ್ಡೆಯಿತ್ತು. ಮೊದಲು ನೋಡಿದ ಶಸ್ತ್ರವೈದ್ಯರು "ತೆರೆದೇ ಮಾಡಬೇಕು, ತಡ ಮಾಡಬೇಡಿ" ಎಂದರು. ಮಕ್ಕಳಿಬ್ಬರೂ ನನ್ನ ವಿದ್ಯಾರ್ಥಿಗಳು. ಅವರಿಗೆ ಆ ವೈದ್ಯರು ಹಳೆಯ ಕಾಲದವರಾಗಿ ಕಂಡರು. ಕಿಂಡಿಯಲ್ಲಿ ತೆಗೆಯುವವರನ್ನು ಹುಡುಕುತ್ತ ಊರೂರು ಅಲೆದು ಮೂರು ತಿಂಗಳು ಕಳೆದರು. ಅಷ್ಟರಲ್ಲಿ ರೋಗ ಯಕೃತ್ತಿಗೆ ಇಳಿದಿತ್ತು. ಮೊದಲೇ ಮಾಡಿದ್ದರೆ ಆಕೆ ಬದುಕುತ್ತಿದ್ದಳೆಂದು ನಾನು ಹೇಳಲಾರೆ. ಇದು ಕ್ರೂರ ರೋಗ. ಆದರೆ ಇದ್ದ ಒಂದು ಅವಕಾಶವನ್ನು ಅವಳಿಂದ ಕಸಿದುಕೊಂಡುದು ಸಣ್ಣ ಗಾಯದ ಮೋಹ. ಹಿರಿಯವನೇ "ಸಾರ್, ಇದನ್ನು ಬರೆಯಿರಿ" ಎಂದುದರಿಂದ ಬರೆದಿದ್ದೇನೆ.

ಈಗ ರೋಬೋಟ್ ಬಂದಿದೆ. ಯಂತ್ರವೇ ಶಸ್ತ್ರಕ್ರಿಯೆ ಮಾಡುತ್ತದೆಂದು ನಂಬಿದ ನೆಂಟರನ್ನು ನಾನು ಕಂಡಿದ್ದೇನೆ. ಯಂತ್ರದ ಕೈಗಳನ್ನು ಆಡಿಸುವವನು ಪಕ್ಕದಲ್ಲಿ ಕುಳಿತ ಶಸ್ತ್ರವೈದ್ಯನೇ. ನುರಿತವನ ಕೈಯಲ್ಲಿ ಅದು ಒಳ್ಳೆಯ ಉಪಕರಣ. ಅಡ್ರಿನಲ್ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯ ಲ್ಯಾಪರೋಸ್ಕೋಪಿಗಿಂತ ಅದು ಹೆಚ್ಚು ಜೀವ ಉಳಿಸುತ್ತದೆ ಎಂಬುದು ಸಿದ್ಧವಾಗಿಲ್ಲ. ಖರ್ಚು ಮಾತ್ರ ನಿಶ್ಚಯವಾಗಿ ಹೆಚ್ಚು. ಬೆಲೆಬಾಳುವ ಲೇಖನಿಯಿಂದ ಅಕ್ಷರ ದುಂಡಗಾಗುವುದಿಲ್ಲವೆಂದು ನಿಮಗೆ ಎಷ್ಟು ಬಾರಿ ಹೇಳಿಲ್ಲ!

ಹಾಗಾದರೆ ಏನನ್ನು ಕೇಳಬೇಕು? ಕೈಯನ್ನು ಕೇಳಬೇಕು. ಇಂಗ್ಲೆಂಡಿನಲ್ಲಿ 2013-14ರ ಒಂದು ವರ್ಷದ ಲೆಕ್ಕ ತೆಗೆದು ನೋಡಿದರು. ಸುಮಾರು 800 ಅಡ್ರಿನಲ್ ಶಸ್ತ್ರಕ್ರಿಯೆಗಳನ್ನು 222 ಮಂದಿ ಶಸ್ತ್ರವೈದ್ಯರು ಹಂಚಿಕೊಂಡಿದ್ದರು. ಅವರಲ್ಲಿ ಅರ್ಧದಷ್ಟು ಮಂದಿ ಇಡೀ ವರ್ಷದಲ್ಲಿ ಮಾಡಿದ್ದುದು ಒಂದೇ ಒಂದು! ಹೆಚ್ಚು ಮಾಡುವವರ ಕೈಯಲ್ಲಿ ಫಲಿತಾಂಶ ಉತ್ತಮವೆಂದೂ, ವರ್ಷಕ್ಕೆ ಕನಿಷ್ಠ ಆರನ್ನಾದರೂ ಮಾಡುವವರೇ ಇದಕ್ಕೆ ಕೈಹಾಕಬೇಕೆಂದೂ ಅಲ್ಲಿನ ತಜ್ಞರು ವಾದಿಸುತ್ತಾರೆ. ಅಷ್ಟು ಲೆಕ್ಕವಿಡುವ ದೇಶದಲ್ಲಿಯೇ ಹೀಗಾದರೆ, ಲೆಕ್ಕ ಕೇಳಲು ನಾಚುವ ನಮ್ಮಲ್ಲಿ?

ಆಕ್ಷೇಪಗಳು ನನಗೆ ಗೊತ್ತು. "ಹಳ್ಳಿಯವರು ಡಾಕ್ಟರರನ್ನು ಪ್ರಶ್ನಿಸುವುದುಂಟೇ?" ಹಲಸಿನ ಹಣ್ಣು ಕೊಳ್ಳುವಾಗ ಬಡಿದು ನೋಡುತ್ತೀರಿ. ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುತ್ತೀರಿ. ವಿನಯದಿಂದ ಕೇಳಿದ ಪ್ರಶ್ನೆಗೆ ಒಳ್ಳೆಯ ವೈದ್ಯ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ನಿಮಗೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ. "ಬಡವರು ಎಲ್ಲಿಗೆ ಹೋಗಬೇಕು?" ಇದು ನಿಜವಾದ ಆಕ್ಷೇಪ. ಆದರೆ ನಮ್ಮ ಜಿಲ್ಲೆಯೊಂದರಲ್ಲಿಯೇ ಏಳೆಂಟು ವೈದ್ಯಕೀಯ ಕಾಲೇಜುಗಳಿವೆ, ಬಿ.ಸಿ.ರೋಡಿನಿಂದ ಬಸ್ಸು ಹತ್ತಿದರೆ ಮಂಗಳೂರು ಒಂದು ಗಂಟೆಯ ದಾರಿ, ಮಣಿಪಾಲವೂ ದೂರವಲ್ಲ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಿದೆ. ನಿಮ್ಮ ಶಸ್ತ್ರಕ್ರಿಯೆ ಅದರೊಳಗೆ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿರಿ. ಗ್ರಂಥಿಗಳ ಶಸ್ತ್ರಕ್ರಿಯೆಗೇ ಮೀಸಲಾದ ವಿಭಾಗಗಳು ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ, ಲಕ್ನೋದ ಸಂಜಯ ಗಾಂಧಿ ಸಂಸ್ಥೆಯಲ್ಲಿ ಇವೆ. ಮೂತ್ರ ಪರೀಕ್ಷೆಗೂ ಎರಡು ವಾರದ ಮಾತ್ರೆಗಳಿಗೂ ತಗಲುವ ಖರ್ಚು ರೋಬೋಟಿನ ಬಾಡಿಗೆಯ ಮುಂದೆ ಏನೂ ಅಲ್ಲ.

"ಎಲ್ಲರೂ ಅನುಭವಿಯನ್ನೇ ಹುಡುಕಿದರೆ ಕಿರಿಯರು ಕಲಿಯುವುದು ಹೇಗೆ?" ಎಂದು ನನ್ನ ಶಿಷ್ಯ ವೈದ್ಯರೇ ಕೇಳಿದ್ದಾರೆ. ಮೇಷ್ಟರಾದವನು ಈ ಪ್ರಶ್ನೆಯನ್ನು ತಳ್ಳಿಹಾಕಲಾರ. ಕಲಿಯಲಿ; ಗುರುವಿನ ಪಕ್ಕದಲ್ಲಿ ನಿಂತು, ಗುರುವಿನ ಕೈಯ ಕೆಳಗೆ ಕಲಿಯಲಿ. ಯಕ್ಷಗಾನದಲ್ಲಿ ಮೊದಲ ವರ್ಷವೇ ಯಾರೂ ಎರಡನೆಯ ವೇಷ ಕಟ್ಟುವುದಿಲ್ಲ. ಒಂಟಿಯಾಗಿ, ವರ್ಷಕ್ಕೊಂದರಂತೆ, ರೋಗಿಗೆ ತಿಳಿಸದೆ ಕಲಿಯುವುದು ಕಲಿಕೆಯಲ್ಲ.

ಕೊನೆಯದಾಗಿ, ಯಾರೂ ಹೆಮ್ಮೆಯಿಂದ ಹೇಳಿಕೊಳ್ಳದ ಒಂದು ದಾರಿಯಿದೆ: ತೆಗೆಯದೆ ಬಿಡುವುದು. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದ ವಯಸ್ಕರಲ್ಲಿ ನೂರಕ್ಕೆ ನಾಲ್ಕೈದು ಮಂದಿಗೆ ಅಡ್ರಿನಲ್ ಗಡ್ಡೆ ಆಕಸ್ಮಿಕವಾಗಿ ಕಾಣುತ್ತದೆ. ವಯಸ್ಸಾದಂತೆ ಇನ್ನೂ ಹೆಚ್ಚು. ಬಹುಪಾಲು ನಿರುಪದ್ರವಿ. ಸ್ಕ್ಯಾನಿನಲ್ಲಿ ಒಂದೇ ಸಮನಾಗಿ ಕಾಣುವ, ಸಾಂದ್ರತೆ 10 ಹೌನ್ಸ್‌ಫೀಲ್ಡ್ ಮಾನವನ್ನು ಮೀರದ ಗಡ್ಡೆ ಸೌಮ್ಯವಾದುದು, ಅದಕ್ಕೆ ಮತ್ತೆ ಮತ್ತೆ ಸ್ಕ್ಯಾನೂ ಬೇಡ ಎಂದು ಯೂರೋಪಿನ ತಜ್ಞರ 2023ರ ಮಾರ್ಗಸೂಚಿ ಹೇಳುತ್ತದೆ. ಹಾರ್ಮೋನು ಸುರಿಸುತ್ತಿಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು. ಮೂಡುಬಿದಿರೆಯ ನಮ್ಮ ನೆಂಟರದ್ದು ತೆಗೆಯಲೇಬೇಕಾದ ಗಡ್ಡೆಯಾಗಿತ್ತೇ? ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ನನ್ನ ತಕರಾರು ಅಷ್ಟೇ.

ಹಳೆಯ ಅಭ್ಯಾಸದಂತೆ ಐದು ಪ್ರಶ್ನೆ ಕೊಡುತ್ತೇನೆ, ಬರೆದಿಟ್ಟುಕೊಳ್ಳಿ. ಈ ಗಡ್ಡೆ ಹಾರ್ಮೋನು ಸುರಿಸುತ್ತಿದೆಯೇ, ಪರೀಕ್ಷೆಯಾಗಿದೆಯೇ? ಕ್ಯಾನ್ಸರಿನ ಶಂಕೆಯಿದೆಯೇ? ತೆಗೆಯಲೇಬೇಕೇ? ತೆಗೆಯುವುದಾದರೆ ಮೊದಲು ಯಾವ ಸಿದ್ಧತೆ, ಆಮೇಲೆ ಯಾವ ಜಾಗ್ರತೆ? ತೆಗೆಯುವವರು ಕಳೆದ ವರ್ಷ ಇಂಥವನ್ನು ಎಷ್ಟು ಮಾಡಿದ್ದಾರೆ? ಈ ಐದಕ್ಕೂ ಉತ್ತರ ಸಿಕ್ಕಿದ ಬಳಿಕ ಬೇಕಾದರೆ ಆರನೆಯದಾಗಿ ಕಿಂಡಿ ಎಷ್ಟು ದೊಡ್ಡದೆಂದು ಕೇಳಿ.

ನನ್ನ ಅಳಿಯನಿಗೂ ಕೊನೆಗೆ ಕಿಂಡಿಯಲ್ಲಿಯೇ ಮಾಡಿದರು, ಒಂದು ಬೋಧನಾ ಆಸ್ಪತ್ರೆಯಲ್ಲಿ. ಗಡ್ಡೆ ತೆಗೆದ ಮೇಲೆ ರಕ್ತದೊತ್ತಡ ತಟ್ಟನೆ ಇಳಿಯಿತು. ಅದಕ್ಕಾಗಿ ಕಾದು ನಿಂತವರು ಇದ್ದರು. ಐದನೆಯ ದಿನ ಮನೆಗೆ ಬಂದ. ಅವನ ಮಕ್ಕಳಿಗೆ ವಂಶವಾಹಿಯ ಪರೀಕ್ಷೆಯಾಗಿದೆ. ಅಕ್ಕ ಅವನ ಹೊಟ್ಟೆಯ ಕಲೆಗಳನ್ನು ಇದುವರೆಗೆ ನೋಡಿಲ್ಲ. ಪ್ರತಿದಿನ ಬೆಳಿಗ್ಗೆ ಅವನ ಹಣೆ ಮುಟ್ಟಿ, ಬೆವರಿದೆಯೇ ಎಂದು ಮಾತ್ರ ನೋಡುತ್ತಾಳೆ.

ಇತಿ,
ನಿಮ್ಮ ವಿಜ್ಞಾನದ ಮಾಸ್ಟ್ರು